ಅಡುಗೆ ದ್ಯಾವೀರಮ್ಮನ ಮಗನ ಅಂದಾಜು

ಗೊರವನಕಟ್ಟೆ ಅಂತ ಒಂದು ಊರು. ಆ ಊರಲ್ಲಿ ದ್ಯಾವೀರಮ್ಮ ಅಂತ ಒಬ್ಬ ಅಡುಗೆಯವಳು. ಅವಳಿಗೆ ಒಬ್ಬನೇ ಮಗ, ಜವರ. ಇಂಥದ್ದೆಲ್ಲ ಎಲ್ಲಾದ್ರೂ ನಡೆಯುತ್ತಾ ಅಂತ ನಡುವೆ ಬಾಯಿ ಹಾಕೋರು ಈಗಲೇ ಎದ್ದು ಹೋಗಿ, ನಾನೇನೂ ಬೇಜಾರು ಮಾಡ್ಕೊಳ್ಳಲ್ಲ. ಉಳಿದೋರು ಹತ್ತಿರ ಬನ್ನಿ.

ದ್ಯಾವೀರಮ್ಮ ಅಂದ್ರೆ ಅಂಥಿಂಥ ಹೆಂಗಸಲ್ಲ. ಸುತ್ತ ಹಳ್ಳೀಲಿ ಮದುವೆಯಾಗಲಿ, ಮಗೂಗೆ ಹೆಸರಿಡೋದಾಗಲಿ, ತಿಥಿಯಾಗಲಿ, ಮೊದಲು ಅವಳಿಗೆ ಹೇಳಿಕಳಿಸಬೇಕು. ಬೇಯಿಸಿ ಹಾಕೋಕೆ ಬೇಕಾದಷ್ಟು ಜನ ಇದ್ದಾರೆ ಬಿಡಿ. ಅವಳ ಹೆಚ್ಚುಗಾರಿಕೆ ಇದ್ದದ್ದು ಅಂದಾಜಿನಲ್ಲಿ. ಊಟದ ದಿನಕ್ಕೆ ಮುಂಚೆ ಆ ಮನೆಗೆ ಹೋಗಿ, ಎಲೆ ಅಡಿಕೆ ಹಾಕ್ಕೊಂಡು, ನಾಲ್ಕು ಮಾತಾಡಿ, ಅತ್ತ ಇತ್ತ ಕಣ್ಣು ಹಾಯಿಸಿ, ಇಷ್ಟು ಅಕ್ಕಿ, ಇಷ್ಟು ಬೇಳೆ, ಇಷ್ಟು ಸೌದೆ ಅಂತ ಹೇಳಿ ಎದ್ದು ಬರ್ತಿದ್ಲು. ಅವಳು ಹೇಳಿದ ಮೇಲೆ ಮುಗೀತು. ಅನ್ನ ಮಿಕ್ಕಿ ತಿಪ್ಪೆಗೆ ಹೋಗಿದ್ದಿಲ್ಲ, ಕೊನೇ ಪಂಕ್ತಿಯೋರು ಬರೀ ಎಲೆ ನೋಡ್ಕೊಂಡು ಕೂತಿದ್ದಿಲ್ಲ.

ಮಗ ಜವರನೂ ಅಂಥಿಂಥವನಲ್ಲ. ಊರೋರು ಪೆದ್ದ ಅಂತಿದ್ರು. ನಾನು ಅನ್ನಲ್ಲ. ಹೇಳಿದ ಮಾತನ್ನ ಹೇಳಿದ ಹಾಗೇ ಮಾಡೋ ಮಗ ನಿಮ್ಮಲ್ಲಿ ಯಾರಿಗಿದ್ದಾನೆ, ತೋರಿಸಿ ನೋಡೋಣ. "ಹಾಲು ನೋಡ್ತಾ ಕೂತಿರ್ಲಾ" ಅಂದ್ರೆ, ಹಾಲು ಉಕ್ಕಿ, ಒಲೆ ಆರಿ, ಪಾತ್ರೆ ಸೀದುಹೋಗೋ ತನಕ ಕಣ್ಣು ಕದಲಿಸದೆ ನೋಡ್ತಿದ್ದ. ನೋಡು ಅಂದಿದ್ದು ತಾನೆ, ಇಳಿಸು ಅಂದಿರಲಿಲ್ಲವಲ್ಲ.

ಹಿಂಗಿರೋವಾಗ ಒಂದು ದಿನ ದ್ಯಾವೀರಮ್ಮ ಬಚ್ಚಲಲ್ಲಿ ಜಾರಿ ಬಿದ್ಲು. ಸೊಂಟ ಹಿಡ್ಕೊಂಡುಬಿಡ್ತು. ಎದ್ದು ಓಡಾಡೋ ಹಾಗಿಲ್ಲ. ಗೋಡೆಗೆ ಒರಗಿಕೊಂಡು ಮಗನ ಮುಖ ನೋಡಿದ್ಲು. ನಾನು ಹೋದ ಮೇಲೆ ಇವನ ಹೊಟ್ಟೆಗೆ ಹಾಕೋರು ಯಾರು? ಬೇಯಿಸೋಕೆ ಕೂಲಿ ಹೆಂಗಸರು ಸಿಕ್ತಾರೆ, ಅಂದಾಜು ಒಂದು ಇವನಿಗೆ ಬಂದುಬಿಟ್ರೆ ಹೆಂಗೋ ಬದುಕ್ಕೋತಾನೆ. ಬರಲಿಲ್ಲವೋ, ನನ್ನ ಜೊತೆಗೇ ಇವನ ಅನ್ನವೂ ಹೋಯ್ತು. ಹಿಂಗಂದ್ಕೊಂಡು ಮಗನನ್ನ ಕರೆದ್ಲು.

"ಲೇ ಜವರ, ಕೆಳಗಿನ ಬೀದಿ ಕರಿಗೌಡರ ಮೊಮ್ಮಗೂಗೆ ಹೆಸರಿಡ್ತಾರಂತೆ. ನೀನೇ ಹೋಗಿ ಎಷ್ಟು ಜನಕ್ಕೆ ಊಟ ಅಂತ ಕೇಳ್ಕೊಂಡು ಬಾ. ಅವರು ಎಷ್ಟು ಅಂತಾರೋ ಅಷ್ಟೇ. ಅದರ ಮೇಲೆ ಒಂದು ಎಲೆನೂ ಹಾಕಬೇಡ."

"ಹೂಂ ಕಣವ್ವ," ಅಂದ ಜವರ. ಹೋದ, ಕೇಳಿದ, ಬಂದ. ನೂರು ಜನ ಅಂತ ಹೇಳಿದ. ದ್ಯಾವೀರಮ್ಮ ನೂರಕ್ಕೆ ಎಷ್ಟು ಬೇಕೋ ಹೇಳಿದ್ಲು, ಕೂಲಿ ಹೆಂಗಸರು ಬೇಯಿಸಿದ್ರು, ಜವರ ಎಲೆ ಹಾಕೋಕೆ ನಿಂತ.

ಬಂದೋರೆಲ್ಲ ಉಂಡ್ರು, ಪಾಯಸ ಕುಡಿದ್ರು, ಮಗೂಗೆ ಹರಸಿ ಎದ್ರು. ಆಮೇಲೆ ಕೈಕಾಲು ತೊಳ್ಕೊಂಡು ಕರಿಗೌಡರು ಬಂದು ಕೂತ್ರು. ಹೆಂಡ್ತಿ ಕೂತ್ಲು, ಮಗ ಕೂತ, ಸೊಸೆ ಕೂಸು ಎತ್ಕೊಂಡು ಕೂತ್ಲು. ಮನೆಯೋರು ಕೊನೇಲಿ ತಾನೆ ಉಣ್ಣೋದು.

ಜವರ ಕೈ ಕಟ್ಕೊಂಡು ನಿಂತಿದ್ದ.

"ಎಲೆ ಹಾಕಪ್ಪ," ಅಂದ್ರು ಗೌಡರು.

"ಹಾಕೋ ಹಾಗಿಲ್ಲ ಗೌಡ್ರೆ. ನೀವು ಹೇಳಿದ ನೂರು ಆಗೋಯ್ತು."

"ಹಂಡೇಲಿ ಇನ್ನೂ ಅನ್ನ ಇದೆಯಲ್ಲಯ್ಯ."

"ಅನ್ನ ಇದೆ. ಎಲೆ ಹಾಕಬೇಡ ಅಂದಿದ್ದಾಳೆ ನಮ್ಮವ್ವ."

"ನಾನು ಈ ಮನೆ ಯಜಮಾನ ಕಣಯ್ಯ."

"ಅದು ನನಗೂ ಗೊತ್ತು ಗೌಡ್ರೆ. ನಿಮ್ಮನ್ನ ನೀವೇ ಲೆಕ್ಕಕ್ಕೆ ಹಿಡಿದಿಲ್ಲ, ನಾನೇನು ಮಾಡ್ಲಿ?"

ಹೇಳಿ ನೋಡೋಣ, ಇದರಲ್ಲಿ ತಪ್ಪು ಯಾರದ್ದು? ಆದ್ರೂ ಬೈಗುಳ ತಿಂದೋನು ಜವರ. ಗೌಡರ ಮನೆಯೋರು ಪಕ್ಕದ ಮನೆಗೆ ಹೋಗಿ ಉಂಡು ಬಂದು, ದ್ಯಾವೀರಮ್ಮನ ಮನೆ ಬಾಗಿಲಿಗೇ ಬಂದು ಬೈದು ಹೋದ್ರು.

ದ್ಯಾವೀರಮ್ಮ ಹಣೆ ಚಚ್ಚಿಕೊಂಡ್ಲು. "ಅಯ್ಯೋ ನನ್ನ ಕರ್ಮವೇ. ಮನೆಯೋರು ಹೇಳೋ ಲೆಕ್ಕ ಯಾವತ್ತೂ ಕಮ್ಮಿನೇ ಕಣ್ಲಾ. ತಮ್ಮನ್ನ ತಾವು ಸೇರಿಸಿಕೊಳ್ಳಲ್ಲ, ಕರೆಯದೆ ಬರೋ ನೆಂಟರನ್ನ ಸೇರಿಸಿಕೊಳ್ಳಲ್ಲ. ಇನ್ನು ಮೇಲೆ ಅವರು ಎಷ್ಟೇ ಅನ್ನಲಿ, ಅದರರ್ಧ ಮೇಲೆ ಇಟ್ಕೋ. ಇಟ್ಕೊಂಡಿದ್ದೀನಿ ಅಂತ ಅವರ ಮುಖಕ್ಕೇ ಹೇಳಿಬಿಡು, ಆಮೇಲೆ ಜಗಳ ಬೇಡ."

"ಹೂಂ ಕಣವ್ವ," ಅಂದ ಜವರ. ಮರೆಯೋ ಜಾತಿಯಲ್ಲ ಅವನು.

ಸ್ವಲ್ಪ ದಿನಕ್ಕೆ ಮೇಲಿನ ಬೀದಿ ಮರಿಗೌಡರ ತಂದೆ ತೀರ್ಕೊಂಡ್ರು. ತಿಥಿ ಊಟದ ಅಂದಾಜಿಗೆ ಜವರ ಹೋದ. ಮನೆಯೋರೆಲ್ಲ ಅತ್ತು ಅತ್ತು ಸುಮ್ಮನೆ ಕೂತಿದ್ರು. ತೀರ್ಕೊಂಡೋರ ಹೆಂಡ್ತಿ, ಹಣ್ಣುಹಣ್ಣು ಮುದುಕಿ, ಕಂಬಕ್ಕೆ ಒರಗಿದ್ಲು.

ಜವರ ಮರಿಗೌಡರ ಮುಂದೆ ಕೂತು ಕೇಳಿದ. "ಹೋಗಿದ್ದು ಯಾರು ಗೌಡ್ರೆ?"

"ನಮ್ಮಪ್ಪ ಕಣಪ್ಪ."

"ಒಬ್ರೇನಾ?"

"ಒಬ್ರೇ," ಅಂದ್ರು ಗೌಡರು ಮುಖ ಒರೆಸ್ಕೊಂಡು.

"ಮನೆಯೋರು ಯಾವಾಗ್ಲೂ ಕಮ್ಮಿನೇ ಹೇಳೋದು ಗೌಡ್ರೆ. ನೀವು ಒಬ್ರು ಅಂದ್ರೆ ನಾನು ಒಂದೂವರೆ ಅಂತ ಇಟ್ಕೊಂಡಿರ್ತೀನಿ. ನಿಮ್ಮ ಮುಖಕ್ಕೇ ಹೇಳ್ತಿದ್ದೀನಿ, ಆಮೇಲೆ ಜಗಳ ಬೇಡ."

ಮನೆಯೋರೆಲ್ಲ ಬಾಯಿ ಬಿಟ್ಕೊಂಡು ನೋಡಿದ್ರು. ಕಂಬದ ಹತ್ರದಿಂದ ಮುದುಕಿ ಮೆಲ್ಲಗೆ ಕೇಳಿದ್ಲು. "ಆ ಅರ್ಧ ಯಾರು ಮಗ? ನಾನಾ?"

"ಯಾರು ಅಂತ ಗೊತ್ತಿಲ್ಲ ಅಜ್ಜಿ. ತಿಥಿಯೊಳಗೆ ಗೊತ್ತಾಗುತ್ತೆ ಬಿಡಿ," ಅಂದ ಜವರ, ಸಮಾಧಾನ ಮಾಡೋ ಹಾಗೆ.

ಮರಿಗೌಡರು ಕೈಗೆ ಸಿಕ್ಕಿದ ಬಾರುಕೋಲು ತಗೊಂಡು ಊರ ಬಾಗಿಲ ತನಕ ಅಟ್ಟಿಸಿಕೊಂಡು ಬಂದ್ರು. ಮುದುಕಿ ಮಾತ್ರ ಗಂಡ ಸತ್ತ ದಿನದಿಂದ ಮೊದಲ ಸಲ ನಕ್ಕಳಂತೆ. ಅದನ್ನ ಯಾರೂ ಲೆಕ್ಕಕ್ಕೆ ಹಿಡೀಲಿಲ್ಲ, ನಾನು ಹಿಡೀತೀನಿ.

ದ್ಯಾವೀರಮ್ಮ ತಲೆ ಮೇಲೆ ಕೈ ಹೊತ್ತು ಕೂತ್ಲು. "ನಿನಗೆ ಬಾಯಿ ಇರೋದೇ ಕಷ್ಟ ಕಣ್ಲಾ. ಇನ್ನು ಮೇಲೆ ಹೋದ ಮನೇಲಿ ಬಾಯಿ ತೆರೀಬೇಡ. ಯಾರೇನು ಕೇಳಿದ್ರೂ ಸುಮ್ಮನೆ ಕೂತ್ಕೋ. ಕೊಟ್ಟಿದ್ದು ತಿನ್ನು. ಎದುರಿಗೆ ಬಂದೋರನ್ನ ಅಡಿಯಿಂದ ಮುಡಿ ತನಕ ಚೆನ್ನಾಗಿ ನೋಡು. ನೋಡ್ತಾ ನೋಡ್ತಾ ಯಾರು ಎಷ್ಟು ಉಣ್ತಾರೆ ಅಂತ ತಾನಾಗೇ ತಿಳಿಯುತ್ತೆ. ನಾನೂ ಹಂಗೇ ಕಲಿತಿದ್ದು."

"ಹೂಂ ಕಣವ್ವ."

ಅಷ್ಟರಲ್ಲಿ ಹೊಳೆಯಾಚೆ ಚನ್ನಂಕೇಗೌಡರ ಮಗಳಿಗೆ ಮದುವೆ ಗೊತ್ತಾಗೋ ಹಾಗಿದೆ ಅಂತ ಸುದ್ದಿ ಬಂತು. ಬೇರೆ ಅಡುಗೆಯೋರು ಮುಟ್ಟೋಕೆ ಮುಂಚೆ ಹೋಗಿ ಬಾ ಅಂತ ದ್ಯಾವೀರಮ್ಮ ಮಗನಿಗೆ ಮಡಿ ಪಂಚೆ ಉಡಿಸಿ, ತಲೆ ಬಾಚಿ ಕಳಿಸಿದ್ಲು. ಆ ಮನೆಯೋರು ಇವನನ್ನ ಕಂಡೋರಲ್ಲ. ಆವತ್ತೇ ಅಲ್ಲಿ ಹೆಣ್ಣು ನೋಡೋ ಶಾಸ್ತ್ರ ಅಂತ ಇವಳಿಗೆ ಏನು ಗೊತ್ತು?

ಬಿಳೀ ಪಂಚೆ ಉಟ್ಕೊಂಡ ಹುಡುಗ ಬಂದು ಜಗಲಿ ಮೇಲೆ ಕೂತಿದ್ದೇ ತಡ, ಮನೆಯೋರು ಗಡಿಬಿಡಿ ಮಾಡಿದ್ರು. ಗಂಡು ಮುಂದಾಗಿ ಬಂದಿದೆ, ಹಿರಿಯರು ಹಿಂದೆ ಗಾಡೀಲಿ ಬರ್ತಿರಬೇಕು ಅಂದ್ಕೊಂಡ್ರು. ಕಾಲಿಗೆ ನೀರು ಕೊಟ್ರು. ಚಾಪೆ ಹಾಸಿದ್ರು. ಉಪ್ಪಿಟ್ಟು ತಂದಿಟ್ರು. ಜವರ ಕೊಟ್ಟಿದ್ದು ತಿಂದ.

"ಜಮೀನು ಎಷ್ಟಿದೆಯಪ್ಪ?" ಅಂತ ಕೇಳಿದ್ರು ಚನ್ನಂಕೇಗೌಡರು. ಜವರ ಮಾತಾಡಲಿಲ್ಲ.

"ಓದು ಎಲ್ಲಿ ತನಕ?" ಅಂದ ಹುಡುಗಿ ಸೋದರಮಾವ. ಮಾತಾಡಲಿಲ್ಲ.

ಒಳಗೆ ಹೆಂಗಸರು ಬೆರಗಾದ್ರು. "ಏನು ಗಂಭೀರ ಕಣೇ. ಕೊಚ್ಚಿಕೊಳ್ಳೋದು ಅಂತಿಲ್ಲ, ಕೇಳಿದ್ರೂ ಬಾಯಿ ಬಿಡಲ್ಲ."

ಹುಡುಗಿ ಕಾಫಿ ತಂದ್ಲು. ಜವರ ಅವಳನ್ನ ಅಡಿಯಿಂದ ಮುಡಿ ತನಕ ನೋಡಿದ. ಮತ್ತೆ ಮುಡಿಯಿಂದ ಅಡಿ ತನಕ ನೋಡಿದ. ಹುಡುಗಿ ನಾಚಿಕೊಂಡು ಒಳಗೆ ಓಡಿಹೋದ್ಲು. ಅವಳ ಅಪ್ಪನನ್ನೂ ಹಂಗೇ ನೋಡಿದ, ಸೋದರಮಾವನನ್ನೂ ಹಂಗೇ ನೋಡಿದ. ಗಂಡು ಕಡೆಯೋನು ಹಿಂಗೆ ಮನೆಮಂದಿಯನ್ನೆಲ್ಲ ತೂಗಿ ನೋಡಿದ್ದು ಅವರು ಕಂಡೇ ಇರಲಿಲ್ಲ.

"ಒಪ್ಪಿಗೆನಾಪ್ಪ?" ಅಂತ ಚನ್ನಂಕೇಗೌಡರು ಕೇಳೋ ಹೊತ್ತಿಗೆ ಬಾಗಿಲಲ್ಲಿ ಗಾಡಿ ನಿಲ್ತು. ನಿಜವಾದ ಗಂಡು ಇಳಿದ. ಇಳೀತಾ ಇಳೀತಾನೇ ನಮ್ಮ ತೋಟ ಹಿಂಗೆ, ನಮ್ಮ ಬಾವಿ ಹಂಗೆ ಅಂತ ಶುರು ಮಾಡ್ದ. ಆಮೇಲೆ ಏನಾಯ್ತು ಅಂತ ಹೇಳಬೇಕಾ? ಜವರನನ್ನ ರೆಟ್ಟೆ ಹಿಡಿದು ಹೊರಗೆ ಬಿಟ್ರು. ಹುಡುಗಿ ಅಜ್ಜಿ ಮಾತ್ರ, ಮೊದಲು ಬಂದೋನೇ ವಾಸಿ ಇದ್ದ ಅಂತ ಸಂಜೆ ತನಕ ಗೊಣಗ್ತಿದ್ಲಂತೆ.

ಮನೆಗೆ ಬಂದು ಜವರ ಹೇಳಿದ. "ಅವ್ವ, ಆ ಹುಡುಗಿ ಒಂದೂವರೆ ಮುದ್ದೆ ಉಣ್ತಾಳೆ. ಅವರಪ್ಪ ಮೂರು. ಸೋದರಮಾವನಿಗೆ ಹಲ್ಲು ಸರಿಯಿಲ್ಲ, ಅನ್ನ ಸಾಕು. ಅಷ್ಟರಲ್ಲಿ ಹೊರಗೆ ತಳ್ಳಿದ್ರು, ಉಳಿದೋರನ್ನ ನೋಡೋಕೆ ಆಗಲಿಲ್ಲ."

ಆ ಮನೆಯೋರ ಹೊಟ್ಟೆ ದ್ಯಾವೀರಮ್ಮನಿಗೆ ಗೊತ್ತಿತ್ತು. ಅಂದಾಜು ಸರಿಯಾಗೇ ಇತ್ತು. ಆದ್ರೆ ಆಗಬಾರದ್ದು ಆಗಿಹೋಗಿತ್ತಲ್ಲ. "ಯಾರು ಅಂತ ಹೇಳ್ಕೋಬೇಕು ತಾನೆ, ದಡ್ಡ ಮುಂಡೇದೆ," ಅಂತ ಬೈದ್ಲು. "ಇನ್ನು ಮೇಲೆ ಜನ ಸೇರಿರೋ ಕಡೆ ಹೋದ ಕೂಡಲೇ, ನಾನು ಅಡುಗೆಯೋನು, ಊಟಕ್ಕೆ ಎಷ್ಟು ಜನ ಅಂತ ಗಟ್ಟಿಯಾಗಿ ಕೇಳು. ಯಾರು ಏನೇ ಅನ್ನಲಿ, ಲೆಕ್ಕ ಇಸ್ಕೊಳ್ಳದೆ ಅಲ್ಲಿಂದ ಕದಲಬೇಡ."

"ಹೂಂ ಕಣವ್ವ."

ಹೂಂ ಅಂದ, ಆದ್ರೆ ಹೋಗೋಕೆ ಮನೆ ಎಲ್ಲಿದೆ? ಮೂರು ಮನೇಲಿ ಹಿಂಗಾದ ಮೇಲೆ ಯಾರು ಕರೀತಾರೆ? ಹಂಡೆ ಕೊಪ್ಪರಿಗೆಗಳೆಲ್ಲ ಮೂಲೇಲಿ ಬೋರಲು ಬಿದ್ದವು. ದ್ಯಾವೀರಮ್ಮ ಗೋಡೆ ಕಡೆ ತಿರುಗಿ ಮಲಗಿ ಅಳ್ತಿದ್ಲು. ತನಗೋಸ್ಕರ ಅಲ್ಲ, ಅವನಿಗೋಸ್ಕರ.

ಒಂದು ದಿನ ಜವರ ಬೀದೀಲಿ ಬರ್ತಿದ್ದ. ದೊಡ್ಡಮನೆ ಮುಂದೆ ಜನವೋ ಜನ. ಅಲ್ಲಿ ನಡೀತಿದ್ದದ್ದು ಊಟ ಅಲ್ಲ, ಮನೆ ಭಾಗ. ಅಣ್ಣ ಪಾಪೇಗೌಡ, ತಮ್ಮ ಸಣ್ಣೇಗೌಡ. ಒಬ್ಬರ ಮುಖ ಒಬ್ಬರು ನೋಡಿ ವರ್ಷಗಳೇ ಆಗಿದ್ವು. ಊರ ಹಿರಿಯರು ನಡುವೆ ಕೂತು ಹೊಲ ಹಂಚಿ, ಎತ್ತು ಹಂಚಿ, ಕೊನೆಗೆ ಒರಳುಕಲ್ಲಿಗೆ ಬಂದು ನಿಂತಿದ್ರು. ಒಡೆದು ಎರಡು ಮಾಡಿಕೊಡಿ ಅಂತ ಇಬ್ಬರೂ ಹಟ.

ಜನ ಸೇರಿದ್ದು ಕಂಡ ಕೂಡಲೇ ಜವರ ನುಗ್ಗಿ ಬಂದು ನಡುವೆ ನಿಂತ. "ನಾನು ಅಡುಗೆಯೋನು. ಊಟಕ್ಕೆ ಎಷ್ಟು ಜನ?"

ಹಿರಿಯರೆಲ್ಲ ತಿರುಗಿ ಇವನ ಕಡೆ ನೋಡಿದ್ರು.

"ಊಟವಾ?" ಅಂದ ಪಾಪೇಗೌಡ. "ಈ ಜನ್ಮದಲ್ಲಿ ಇವನ ಜೊತೆ ಕೂತು ನಾನು ಉಣ್ಣಲ್ಲ."

"ಹಂಗಾದ್ರೆ ನಿಮ್ಮನ್ನ ಬಿಟ್ಟೆ ಗೌಡ್ರೆ. ಉಳಿದೋರು ಎಷ್ಟು?"

"ಹೋಗ್ಲಾ ಆಚೆಗೆ," ಅಂದ್ರು ಹಿರಿಯರು. ಜವರ ಕದಲಲಿಲ್ಲ. ತಳ್ಳಿದ್ರೂ ಕದಲಲಿಲ್ಲ. ಲೆಕ್ಕ ಕೊಡಿ, ಹೋಗ್ತೀನಿ ಅಂದ.

ಇವನನ್ನ ಸಾಗಹಾಕಿದ್ರೆ ಸಾಕು ಅಂತ ಸಣ್ಣೇಗೌಡ ಅಂದ. "ನನ್ನ ಕಡೆಯೋರು ಐವತ್ತು ಅಂತ ಇಟ್ಕೋ, ಹೊರಡು."

ಪಾಪೇಗೌಡನಿಗೆ ಕೆಣಕಿದ ಹಾಗಾಯ್ತು. "ಅವನ ಕಡೆ ಐವತ್ತಾ? ನನ್ನ ಕಡೆ ನೂರು."

"ಹೆಂಡ್ತಿ ತೌರಿನೋರನ್ನ ಬಿಟ್ಟಿದ್ದೆ. ನೂರೈವತ್ತು."

"ನನ್ನ ಬೀಗರ ಊರಿಗೆ ಊರೇ ಬರುತ್ತೆ."

"ನಮ್ಮೂರೆಲ್ಲ ನನ್ನ ಕಡೆಯೇ."

"ಸುತ್ತ ಹಳ್ಳೀನೂ ಸೇರಿಸ್ಕೋ."

ಹಿಂಗೆ ಏರಿಸ್ತಾ ಏರಿಸ್ತಾ ಇಬ್ಬರಿಗೂ ಉಸಿರು ಕಟ್ಟಿತು. ಕರೆಯೋಕೆ ಯಾರೂ ಉಳಿದಿರಲಿಲ್ಲ. ಜವರ ತಲೆಯಾಡಿಸಿ ಕೊನೆಯದೊಂದು ಕೇಳಿದ. "ಸರಿ ಗೌಡ್ರೆ. ಒಲೆ ಯಾರ ಕಡೆ ಹೂಡೋದು?"

ಅಂಗಳ ಒಂದೇ. ಗೋಡೆ ಇನ್ನೂ ಎದ್ದಿರಲಿಲ್ಲ. ಎಲ್ಲರೂ ಅಂಗಳ ನೋಡಿದ್ರು. ಅಣ್ಣತಮ್ಮ ಇಬ್ಬರ ಮದುವೆಗೂ ಅಲ್ಲೇ ಒಲೆ ಹೂಡಿದ್ದು, ದ್ಯಾವೀರಮ್ಮನೇ ಬೇಯಿಸಿದ್ದು. ಸಣ್ಣೇಗೌಡ ತಲೆ ತಗ್ಗಿಸಿಕೊಂಡು ನಿಂತಿದ್ದೋನು, ಮೆಲ್ಲಗೆ, "ಅಣ್ಣ ಎಲ್ಲಿ ಹೇಳ್ತಾನೋ ಅಲ್ಲೇ ಹೂಡಪ್ಪ," ಅಂದ.

ಅಣ್ಣ ಅನ್ನೋ ಮಾತು ಅವನ ಬಾಯಲ್ಲಿ ಬಂದು ಎಷ್ಟು ಕಾಲವಾಗಿತ್ತೋ. ಪಾಪೇಗೌಡ ಹೆಗಲ ಮೇಲಿನ ಟವೆಲು ತಗೊಂಡು ಕಣ್ಣಿಗೆ ಒತ್ತಿಕೊಂಡ. ಹಿರಿಯರು ಎಷ್ಟು ದಿನ ಕೂತು ಮಾತಾಡಿದ್ರೂ ಆಗದೆ ಇದ್ದದ್ದು ನಮ್ಮ ಜವರ ನಿಂತ ಜಾಗದಿಂದ ಕದಲದೆ ಇದ್ದಿದ್ದಕ್ಕೆ ಆಯ್ತು. ಈಗ ಹೇಳಿ, ಪೆದ್ದ ಯಾರು?

ಜವರ ಮನೆಗೆ ಬಂದು, "ಅವ್ವ, ದೊಡ್ಡಮನೇಲಿ ಬಾಡೂಟ. ಊರಿಗೆ ಊರೇ, ಮತ್ತೆ ಸುತ್ತ ಹಳ್ಳಿ," ಅಂದ. ದ್ಯಾವೀರಮ್ಮ ನಂಬಲಿಲ್ಲ. ಹಿಂದೆಯೇ ಅಣ್ಣತಮ್ಮ ಇಬ್ಬರೂ ಬಂದು ವೀಳ್ಯ ಕೊಟ್ಟ ಮೇಲೆ ನಂಬಿದ್ಲು. ಖುಷಿಯಾಯ್ತು, ಹಿಂದೆಯೇ ಭಯವೂ ಆಯ್ತು. ಇಷ್ಟು ದೊಡ್ಡ ಊಟ ಅವಳ ಜನ್ಮದಲ್ಲೇ ಆಗಿರಲಿಲ್ಲ. ಇದೊಂದು ಸರಿಹೋದ್ರೆ ಮಗನನ್ನ ಎಲ್ಲರೂ ಕರೀತಾರೆ. ಕೆಟ್ಟರೆ ಇನ್ನು ಯಾರೂ ಕರೆಯಲ್ಲ.

"ಜಗಳದಲ್ಲಿ ಕೂಗಿದ ಲೆಕ್ಕ ನಂಬಿ ಒಲೆ ಹಚ್ಚೋಕಾಗುತ್ತೇನ್ಲಾ?" ಅಂದ್ಲು. "ನನಗೆ ಕಾಲು ನೆಟ್ಟಗಿದ್ದಿದ್ರೆ ಮನೆ ಮನೆಗೂ ಹೋಗಿ, ಒಬ್ಬೊಬ್ಬರ ಹೊಟ್ಟೆನೂ ಅಳೆದುಕೊಂಡು ಬಂದುಬಿಡ್ತಿದ್ದೆ."

ಅವಳು ಸಂಕಟಕ್ಕೆ ಅಂದ ಮಾತು. ಜವರ ಎದ್ದ. ಹಗ್ಗ ತಗೊಂಡು ಹೊರಟ.

ಮನೆ ಮನೆಗೂ ಹೋದ. "ಅಂಗಿ ಎತ್ತಿ," ಅಂದ. ಎತ್ತದೆ ಇದ್ರೆ ಎತ್ತೋ ತನಕ ಬಾಗಿಲಲ್ಲೇ ನಿಂತ. ಹೊಟ್ಟೆ ಸುತ್ತ ಹಗ್ಗ ಸುತ್ತಿ, ಸುತ್ತು ಮುಗಿದ ಕಡೆ ಒಂದು ಗಂಟು ಹಾಕಿ, ಮುಂದಿನ ಹೊಟ್ಟೆಗೆ ಹೋದ. ಹೆಂಗಸರು ಪೊರಕೆ ತೋರಿಸಿದ್ರು. ತಾವೇ ಅಳೆದುಕೊಂಡು ಗಂಟು ಹಾಕಿಕೊಡ್ರವ್ವ ಅಂತ ಹಗ್ಗದ ತುದಿ ಒಳಗೆ ಎಸೆದು, ಬೀದಿ ಕಡೆ ಮುಖ ಮಾಡಿ ನಿಂತ. ಮಕ್ಕಳು ನನ್ನದೂ ನನ್ನದೂ ಅಂತ ಸಾಲು ನಿಂತು ಹೊಟ್ಟೆ ಉಬ್ಬಿಸಿದ್ರು. ಅವಕ್ಕೆ ಕಚಗುಳಿ ಇಟ್ಟು ನಗಿಸಿ, ಹೊಟ್ಟೆ ಇಳಿದ ಮೇಲೆ ಅಳೆದ. ಹಗ್ಗ ಮುಗಿದ್ರೆ ಇನ್ನೊಂದು ಕಟ್ಟಿದ. ಊರು ಮುಗಿಸಿ ಹಳ್ಳಿಗೆ ಹೋದ. ಒಂದು ಗುಡಿಸಲೂ ಬಿಡಲಿಲ್ಲ.

ಎಲ್ಲ ಮುಗ್ಸಿ ಒಂದು ಗಾಡಿ ಹಗ್ಗ ತಂದು ತಾಯಿ ಮುಂದೆ ಹಾಕಿ, "ಅಳೆದು ತಂದೆ ಅವ್ವ," ಅಂದ.

ದ್ಯಾವೀರಮ್ಮ ಹಣೆ ಚಚ್ಚಿಕೊಳ್ಳೋಕೆ ಕೈ ಎತ್ತಿದ್ಲು. ಕೈ ಅಲ್ಲೇ ನಿಂತುಹೋಯ್ತು. ಹಗ್ಗದ ತುದಿ ಎಳೆದುಕೊಂಡು ಮೊದಲ ಗಂಟು ಮುಟ್ಟಿ ನೋಡಿದ್ಲು.

"ಎಲ್ಲಿಂದ ಶುರು ಮಾಡ್ದೆ?"

"ಕುಲುಮೆ ಮನೆಯಿಂದ."

"ಹಂಗಾದ್ರೆ ಇದು ಕಮ್ಮಾರ ಬಸವಾಚಾರಿ. ಹೊಟ್ಟೆ ಸಣ್ಣದು, ನಾಲ್ಕು ಮುದ್ದೆ ಇಳಿಸ್ತಾನೆ." ಮುಂದಿನ ಗಂಟು ಹಿಡಿದ್ಲು. "ಇದು ಅವನ ಹೆಂಡ್ತಿ. ಗಂಡ ಎದ್ದ ಮೇಲೆ ಸದ್ದಿಲ್ಲದೆ ಎರಡು ಉಣ್ತಾಳೆ. ಇದು ಶ್ಯಾನುಭೋಗರು. ಅವರು ಬಾಡು ಮುಟ್ಟಲ್ಲ, ಹಣ್ಣು ಹಾಲು ಇಡಬೇಕು. ಈ ದೊಡ್ಡದು ಕರಿಗೌಡರಲ್ವೇನ್ಲಾ? ನೋಡೋಕೆ ಹಂಡೆ, ಉಣ್ಣೋದು ಅರ್ಧ ಮುದ್ದೆ."

ಹಿಂಗೆ ಗಂಟಿನ ಮೇಲೆ ಗಂಟು. ಬೀದಿ ಬೀದಿಯೇ ಅವಳ ಬೆರಳಲ್ಲಿ ಹಾದುಹೋಯ್ತು. ಗೋಡೆಗೆ ಒರಗಿ ಕೂತಲ್ಲೇ ಎಲ್ಲರ ಮನೆಗೂ ಹೋಗಿಬಂದ ಹಾಗಾಯ್ತು ಅವಳಿಗೆ. ಜವರ ಪಕ್ಕದಲ್ಲಿ ಕೂತು ಹಗ್ಗ ಬಿಡಿಸಿಬಿಡಿಸಿ ಕೊಡ್ತಿದ್ದ. ಒಂದು ಗಂಟಿನ ಹತ್ರ ಬಂದು ಅವಳು ನಿಂತ್ಲು. ಬಲು ಸಣ್ಣ ಸುತ್ತು.

"ಇದು ಯಾರ್ಲಾ? ಈ ಜಾಗದಲ್ಲಿ ಮನೆಯೇ ಇಲ್ಲವಲ್ಲ."

"ಕೆರೆ ಏರಿ ಕೆಳಗೆ ಗುಡಿಸಲಿದೆ ಅವ್ವ. ಬುಟ್ಟಿ ಹೆಣೆಯೋ ಒಬ್ಬ ಮುದುಕ ಇದ್ದಾನೆ. ಎಷ್ಟು ಉಣ್ತೀಯಜ್ಜ ಅಂತ ಕೇಳ್ದೆ. ಊರೂಟಕ್ಕೆ ಯಾರೂ ಕರೆದಿಲ್ಲ, ಅದಕ್ಕೆ ಗೊತ್ತಿಲ್ಲ ಅಂದ."

ದ್ಯಾವೀರಮ್ಮ ಆ ಗಂಟನ್ನ ಬೆರಳಲ್ಲಿ ತಿರುವಿ ತಿರುವಿ ನೋಡಿದ್ಲು. ಇಷ್ಟು ವರ್ಷ ಊರಿಗೆ ಬೇಯಿಸಿ ಹಾಕಿದ್ದಾಳೆ, ಆ ಮುದುಕ ಅವಳ ಅಂದಾಜಿನೊಳಗೆ ಒಂದು ಸಲವೂ ಬಂದಿರಲಿಲ್ಲ. "ಎರಡು ಮುದ್ದೆ," ಅಂದ್ಲು ಕೊನೆಗೆ. "ಬೇಕಾದ್ರೆ ಮೂರು ಹಾಕು." ಮಗನ ತಲೆ ಸವರಿದ್ಲು. ನನ್ನ ಮಗನಂಥ ಮಗ ಯಾರಿಗೂ ಇಲ್ಲ ಅನ್ನಿಸ್ತು ಅವಳಿಗೆ.

ಊಟದ ದಿನ ಬಂತು. ಅಣ್ಣತಮ್ಮ ಎದುರುಬದುರು ಕೂತು ಉಂಡ್ರು, ಒಬ್ಬರ ಎಲೆಗೆ ಒಬ್ಬರು ಸಾರು ಬಡಿಸಿದ್ರು. ಪಂಕ್ತಿ ಮೇಲೆ ಪಂಕ್ತಿ ಎದ್ದವು. ಕೆರೆ ಏರಿ ಮುದುಕ ಮೂರು ಮುದ್ದೆ ಉಂಡ. ಕೊನೇಲಿ ಮನೆಯೋರು ಉಂಡು, ಬೇಯಿಸಿದ ಹೆಂಗಸರು ಉಂಡು ಎದ್ದಾಗ ಕೊಪ್ಪರಿಗೆ ತಳ ಕಾಣ್ತಿತ್ತು. ಒಂದು ಮುದ್ದೆ ಮಿಕ್ಕಲಿಲ್ಲ, ಒಂದು ಹೊಟ್ಟೆ ಹಸಿದು ಹೋಗಲಿಲ್ಲ. ಇಂಥ ಅಂದಾಜು ದ್ಯಾವೀರಮ್ಮನ ಕೈಯಲ್ಲೂ ಆಗಿರಲಿಲ್ಲ ಅಂತ ಹಿರಿಯರೇ ಅಂದ್ರು.

ಒಂದೇ ಒಂದು ಎಡವಟ್ಟು. ಮೊದಲ ಪಂಕ್ತಿ ಕೂತ ಮೇಲೆ ನೋಡಿದ್ರೆ ಎಲೆಯೇ ಇಲ್ಲ. ಯಾರೂ ಹೇಳಿರಲಿಲ್ಲ, ಜವರ ತಂದಿರಲಿಲ್ಲ. ಜನ ಕೂತಿರೋ ಹಾಗೇ ತೋಟಕ್ಕೆ ಓಡಿ ಕೊಯ್ದು ತಂದ.

ಅವತ್ತು ಸಂಜೆ ದ್ಯಾವೀರಮ್ಮ ಬೈದ್ಲು, ಆದ್ರೆ ಬೈಗುಳದಲ್ಲಿ ಕಾರ ಇರಲಿಲ್ಲ. "ಮಾಡಲೇಬೇಕಾದ ಕೆಲಸನ ಕೊನೆ ಗಳಿಗೆಗೆ ಇಟ್ಕೋಬಾರದು ಕಣಪ್ಪ. ಮುಂಚೆನೇ ಮಾಡಿ ಮುಗಿಸಿಬಿಡಬೇಕು. ಆಗ ಯಾರಿಗೂ ತೊಂದರೆ ಇಲ್ಲ."

"ಹೂಂ ಕಣವ್ವ."

"ಇನ್ನು ನನಗೆ ಚಿಂತೆಯಿಲ್ಲ. ನಾಳೆ ನಾನು ಹೋದ್ರೂ ನನ್ನ ತಿಥಿ ನೀನೇ ಚೆನ್ನಾಗಿ ಮಾಡ್ತೀಯ."

"ಅದು ಮಾಡಲೇಬೇಕಾದ ಕೆಲಸವಾ ಅವ್ವ?"

"ಮಗ ಅಂದ ಮೇಲೆ ಮಾಡಲೇಬೇಕು," ಅಂತ ನಕ್ಕು ಮಲಗಿದ್ಲು ದ್ಯಾವೀರಮ್ಮ.

ಮಾರನೇ ದಿನ ಅವಳ ಅಣ್ಣ ಗಾಡಿ ಕಟ್ಕೊಂಡು ಬಂದ. ಅವನೂರಲ್ಲಿ ಸೊಂಟಕ್ಕೆ ಎಣ್ಣೆ ತಿಕ್ಕಿ ಸರಿಮಾಡೋ ಪಂಡಿತನಿದ್ದ. ನೆಮ್ಮದಿಯಾಗಿ ಹೋಗಿ ಬರ್ತೀನಿ ಅಂತ ಅವಳು ಗಾಡಿ ಹತ್ತಿದ್ಲು. ಜವರ ಒಂದು ವಾರ ಬಾಗಿಲಲ್ಲಿ ಕೂತು ಯೋಚನೆ ಮಾಡ್ದ. ಮಾಡಲೇಬೇಕಾದ ಕೆಲಸ ಒಂದು ಬಾಕಿ ಇತ್ತು.

ಮನೆ ಮನೆಗೂ ಹೋದ. "ಬರೋ ಸೋಮವಾರ ತಿಥಿ, ಊಟಕ್ಕೆ ಬನ್ನಿ," ಅಂದ.

"ಯಾರದ್ದಪ್ಪ?"

"ನಮ್ಮವ್ವನದ್ದು."

ಊರೋರು ಎದೆ ಮೇಲೆ ಕೈಯಿಟ್ಕೊಂಡ್ರು. ಅಣ್ಣನ ಊರಿಗೆ ಹೋದೋಳು ಅಲ್ಲೇ ತೀರ್ಕೊಂಡ್ಲು, ಪಾಪ, ಮಣ್ಣೂ ಅಲ್ಲೇ ಆಗಿರಬೇಕು ಅಂದ್ಕೊಂಡ್ರು. ಪಾಪೇಗೌಡ ಅಕ್ಕಿ ಕಳಿಸಿದ, ಸಣ್ಣೇಗೌಡ ಬೆಲ್ಲ ಬೇಳೆ ಕಳಿಸಿದ. ಅವಳ ಕೈಯ ಊಟ ಉಂಡೋರೆಲ್ಲ ಏನಾದ್ರೂ ಒಂದು ತಂದಿಟ್ರು. ಜವರ ಒಬ್ಬನೇ ಕೂತು, ಹಗ್ಗ ಹಿಡ್ಕೊಂಡು, ಗಂಟು ಗಂಟು ಸವರಿ ಅಂದಾಜು ಮಾಡ್ದ. ಇದೇನು ಮಾಡ್ಬೇಕು, ಅದೆಷ್ಟು ಹಾಕ್ಬೇಕು ಅಂತ ಯಾರನ್ನೂ ಕೇಳಲಿಲ್ಲ. ಕೇಳೋಕೆ ಅವ್ವ ಇರಲಿಲ್ಲ.

ಸೋಮವಾರ ದ್ಯಾವೀರಮ್ಮ ವಾಪಸು ಬಂದ್ಲು. ಸೊಂಟ ಸರಿಹೋಗಿತ್ತು. ನೋಡಿದ್ರೆ ತನ್ನ ಮನೆ ಮುಂದೆ ಚಪ್ಪರ. ಒಲೆಯಿಂದ ಹೊಗೆ ಏಳ್ತಿದೆ. ಹೆಂಗಸರು ಸೆರಗಲ್ಲಿ ಮೂಗು ಒರೆಸ್ಕೊಂಡು ಕೂತಿದ್ದಾರೆ. ಗಾಡಿಯಿಂದಲೇ ಕೇಳಿದ್ಲು. "ಯಾರು ಹೋಗಿಬಿಟ್ರವ್ವ?"

ಒಬ್ಬಳು ತಿರುಗಿ ನೋಡಿ ಅಲ್ಲೇ ಕುಸಿದ್ಲು. ಇಬ್ಬರು ಓಡಿಹೋದ್ರು. ಕರಿಗೌಡರು ದೇವರೇ ದೇವರೇ ಅಂತ ಕಂಬದ ಹಿಂದೆ ಸೇರಿಕೊಂಡ್ರು. ಜವರ ಮಾತ್ರ ಸೌಟು ಹಿಡಿದುಕೊಂಡೇ ಓಡಿಬಂದು ತಾಯಿಯನ್ನ ಗಾಡಿಯಿಂದ ಇಳಿಸಿದ.

"ಸರಿಯಾದ ಹೊತ್ತಿಗೆ ಬಂದೆ ಅವ್ವ. ನಿನ್ನ ತಿಥಿ ಮುಂಚೆನೇ ಮುಗಿಸ್ತಿದ್ದೀನಿ. ಇನ್ನು ನಿನಗೂ ತೊಂದರೆ ಇಲ್ಲ, ನನಗೂ ತೊಂದರೆ ಇಲ್ಲ."

ಊರೆಲ್ಲ ಉಸಿರು ಬಿಗಿಹಿಡಿದು ನಿಂತಿತ್ತು, ಈಗ ಬೈಗುಳ ಬೀಳುತ್ತೆ ಅಂತ. ದ್ಯಾವೀರಮ್ಮ ನೆಟ್ಟಗೆ ಒಲೆ ಹತ್ರ ಹೋದ್ಲು. ಅನ್ನದ ಹಂಡೆ ನೋಡಿದ್ಲು, ಹುಳಿ ಕೊಪ್ಪರಿಗೆಯೊಳಗೆ ಸೌಟು ಇಳಿಸಿ ನೋಡಿದ್ಲು, ಸೌದೆ ನೋಡಿದ್ಲು, ಎಲೆ ನೋಡಿದ್ಲು, ಕೂತ ಜನರ ಕಡೆ ಕಣ್ಣು ಹಾಯಿಸಿದ್ಲು. ಬೈಯೋಕೆ ಏನೂ ಸಿಗಲಿಲ್ಲ. ಎಲ್ಲ ಎಷ್ಟು ಬೇಕೋ ಅಷ್ಟೇ ಇತ್ತು. ತಾನು ಸತ್ತ ಮೇಲೆ ಮಗ ಏನಾಗ್ತಾನೋ ಅಂತ ಎಲ್ಲ ತಾಯಂದಿರೂ ಕೊರಗ್ತಾರೆ, ನೋಡೋ ಭಾಗ್ಯ ಯಾರಿಗೂ ಇಲ್ಲ. ದ್ಯಾವೀರಮ್ಮ ಕಣ್ಣಾರೆ ನೋಡಿದ್ಲು. ಕಣ್ಣಲ್ಲಿ ನೀರು ಸುರೀತು, ಒರೆಸಿಕೊಳ್ಳಲಿಲ್ಲ.

ಚಪ್ಪರದ ಮೂಲೇಲಿ ಜವರ ಎಡೆ ಇಟ್ಟಿದ್ದ. ಸತ್ತೋರಿಗೆ ಇಷ್ಟವಾದದ್ದನ್ನೆಲ್ಲ ಎಲೆ ತುಂಬ ಬಡಿಸಿಟ್ಟು, ಅದನ್ನ ಕಾಗೆ ಬಂದು ಮುಟ್ಟೋ ತನಕ ಯಾರೂ ಉಣ್ಣೋ ಹಾಗಿಲ್ಲ ತಾನೆ. ಹುರುಳಿಕಾಳು ಪಲ್ಯ ಇತ್ತು, ಒಬ್ಬಟ್ಟು ಇತ್ತು, ಅವಳು ಸಂಜೆ ಹೊತ್ತು ಕದ್ದು ತಿನ್ನೋ ಕೊಬ್ಬರಿ ಬೆಲ್ಲವೂ ಇತ್ತು. ಜನ ಹಸಿದು ಆಕಾಶ ನೋಡ್ತಿದ್ರು. ಕಾಗೆಯ ಸುಳಿವೇ ಇಲ್ಲ.

ದ್ಯಾವೀರಮ್ಮ ಹೋಗಿ ಎಡೆ ಮುಂದೆ ಕಾಲು ಚಾಚಿ ಕೂತು, ಎಲೆಗೆ ಕೈ ಹಾಕಿದ್ಲು.

ಜವರ ಓಡಿಬಂದು ಅವಳ ಕೈ ಹಿಡ್ಕೊಂಡ. "ತಡಿಯವ್ವ, ಅದು ನಿನಗಲ್ಲ. ಸತ್ತೋರಿಗೆ ಇಟ್ಟಿರೋದು."

"ಗೊತ್ತು ಕಣಪ್ಪ," ಅಂತ ದ್ಯಾವೀರಮ್ಮ ಮೆಲ್ಲಗೆ ಕೈ ಬಿಡಿಸಿಕೊಂಡು ಒಂದು ತುತ್ತು ಬಾಯಿಗೆ ಹಾಕ್ಕೊಂಡ್ಲು. ಅಗಿದು ನುಂಗಿ, ಜನರ ಕಡೆ ತಿರುಗಿದ್ಲು. "ಉಪ್ಪು ಸರಿಯಾಗಿದೆ. ಎಲ್ಲರೂ ಊಟಕ್ಕೆ ಕೂತ್ಕೊಳ್ಳಿ."